ಕೋಕೋಪೀಟ್‌ನಲ್ಲಿ ಬೀಜ ಮೊಳೆಯುತ್ತದೆ, ನಿಜ. ಹದಿನೈದು ದಿನದ ಮೇಲೆ ಗಿಡ ಹಳದಿಯಾಗುವುದೇಕೆ?

"ಮಣ್ಣು ಬೇಡ, ಗೊಬ್ಬರ ಬೇಡ. ಕೋಕೋಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಬೀಜ ಉದುರಿಸಿ, ಎಂಟೇ ದಿನದಲ್ಲಿ ಫಲಿತಾಂಶ ನೋಡಿ!" ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಇಂಥ ವಿಡಿಯೊಗಳು ಫ್ಯಾಮಿಲಿ ಗ್ರೂಪ್‌ನಿಂದ ಅಪಾರ್ಟ್‌ಮೆಂಟ್ ಗ್ರೂಪ್‌ಗೆ, ಅಲ್ಲಿಂದ ತಾರಸಿ ತೋಟದ ಗ್ರೂಪ್‌ಗೆ ಹಾರುತ್ತಿರುತ್ತವೆ. ಮೊದಲ ದಿನ ಇಟ್ಟಿಗೆ ಉಬ್ಬುವುದು, ನಾಲ್ಕನೇ ದಿನ ಮೊಳಕೆ, ಎಂಟನೇ ದಿನ ಹಸಿರು ಹಾಸಿದಂತೆ ಸಸಿಗಳು. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ನೋಡಿದವರು ಇಟ್ಟಿಗೆ ತರಿಸುತ್ತಾರೆ, ಹಾಗೇ ಮಾಡುತ್ತಾರೆ. ಎಂಟನೇ ದಿನದವರೆಗೆ ಎಲ್ಲ ವಿಡಿಯೊದಲ್ಲಿದ್ದಂತೆಯೇ ಆಗುತ್ತದೆ. ಆಮೇಲೆ ಸಸಿಯ ಬೆಳವಣಿಗೆ ನಿಲ್ಲುತ್ತದೆ. ಕೆಳಗಿನ ಎಲೆ ಹಳದಿಯಾಗುತ್ತದೆ, ಕೆಲವು ಸಸಿಗಳ ಎಲೆಯಂಚು ಸುಟ್ಟಂತೆ ಕಂದಾಗುತ್ತದೆ. ಬೀಜ ಸರಿಯಿಲ್ಲ ಅಂತ ಒಬ್ಬರು, ಬಿಸಿಲು ಜಾಸ್ತಿ ಅಂತ ಇನ್ನೊಬ್ಬರು, "ನನ್ನ ಕೈಗುಣವೇ ಹೀಗೆ" ಅಂತ ಮತ್ತೊಬ್ಬರು. ಹೆಚ್ಚಿನ ಸಲ ತಪ್ಪು ಬೀಜದ್ದೂ ಅಲ್ಲ, ಕೈಯದ್ದೂ ಅಲ್ಲ. ವಿಡಿಯೊ ಅರ್ಧ ಸಂಗತಿಯನ್ನಷ್ಟೇ ಹೇಳಿದೆ.

ಕೋಕೋಪೀಟ್ ಒಳ್ಳೆಯ ವಸ್ತುವೇ. ಅದು ಗಿಡಕ್ಕೆ ನೀರು ಮತ್ತು ಗಾಳಿಯನ್ನು ಹಿಡಿದಿಡುವ ಪಾತ್ರೆ, ಊಟವಲ್ಲ. ಆ ಪಾತ್ರೆಯನ್ನೂ ಬಳಸುವ ಮೊದಲು ತೊಳೆಯಬೇಕು.

ಇದು ಏನು?

ತೆಂಗಿನಕಾಯಿ ಸುಲಿದಾಗ ಉಳಿಯುವ ಸಿಪ್ಪೆಯಲ್ಲಿ, ಕೆಲವು ಕಡೆ ಮಟ್ಟೆ ಎನ್ನುತ್ತಾರಲ್ಲ ಅದರಲ್ಲಿ, ಎರಡು ಭಾಗವಿದೆ. ಒಂದು ಉದ್ದನೆಯ ನಾರು. ಹಗ್ಗ, ಕಾಲೊರಸು, ಹಾಸಿಗೆ ಎಲ್ಲ ಅದರಿಂದ. ಇನ್ನೊಂದು ಆ ನಾರುಗಳ ನಡುವೆ ತುಂಬಿಕೊಂಡಿರುವ ಬೆಂಡಿನಂಥ ಪುಡಿ. ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಬೀಳುತ್ತದೆ. ಅಂದರೆ ನಾರಿನ ಕಾರ್ಖಾನೆಯಲ್ಲಿ ಮಾಲಿಗಿಂತ ಕಸವೇ ಹೆಚ್ಚು. ಆ ಪುಡಿಯನ್ನು ಬಹಳ ಕಾಲ ರಸ್ತೆ ಬದಿಯಲ್ಲಿ ಗುಡ್ಡೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಅದರಿಂದ ಇಳಿದ ಕಂದು ನೀರು ಹತ್ತಿರದ ಬಾವಿ, ಕೆರೆ ಸೇರುವುದು ನಾರಿನ ಉದ್ಯಮವಿರುವ ಊರುಗಳ ಹಳೆಯ ತಲೆನೋವು. ಅದೇ ಪುಡಿಯನ್ನು ಒಣಗಿಸಿ, ಜರಡಿ ಹಿಡಿದು, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿದರೆ ಕೋಕೋಪೀಟ್.

ಹೆಸರು ಕೊಂಚ ದಾರಿ ತಪ್ಪಿಸುತ್ತದೆ. ಪೀಟ್ ಎಂದರೆ ತಂಪು ದೇಶಗಳ ಜವುಗು ನೆಲದಲ್ಲಿ ಪಾಚಿ ಮತ್ತು ಗಿಡಗಂಟಿ ಸಾವಿರಾರು ವರ್ಷ ಅರೆಕೊಳೆತು ಆದ ಪದರ. ಯುರೋಪಿನ ನರ್ಸರಿಗಳು ಅದನ್ನು ಅಗೆದು ಕುಂಡಕ್ಕೆ ತುಂಬುತ್ತಿದ್ದವು. ಆ ಜವುಗು ನೆಲ ಬರಿದಾಗುತ್ತಿದೆ, ಅಗೆದಷ್ಟೂ ಇಂಗಾಲ ಗಾಳಿ ಸೇರುತ್ತಿದೆ ಎಂದು ಗೊತ್ತಾದ ಮೇಲೆ ಬದಲಿ ಹುಡುಕಿದಾಗ ಸಿಕ್ಕಿದ್ದು ತೆಂಗಿನ ಪುಡಿ. ಇದರಲ್ಲಿ ಪೀಟ್ ಒಂದು ಚಿಟಿಕೆಯೂ ಇಲ್ಲ. ತೀರಾ ಹೊಸದೂ ಅಲ್ಲ: 19ನೇ ಶತಮಾನದಲ್ಲೇ ಇಂಗ್ಲೆಂಡಿನ ತೋಟಗಾರರು ಹಗ್ಗದ ಕಾರ್ಖಾನೆಯ ಈ ಕಸವನ್ನು ಕೊಂಡು ಕುಂಡಕ್ಕೆ ಹಾಕುತ್ತಿದ್ದರು.

ಹಾಗಿದ್ದರೆ ಬೀಜ ಮೊಳೆತದ್ದು ಹೇಗೆ?

ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನ ಮೊಳಕೆ ಬರುತ್ತದೆ. ಹಾಗಂತ ಬಟ್ಟೆಯಲ್ಲಿ ಗೊಬ್ಬರವಿದೆ ಎಂದು ಯಾರೂ ಹೇಳುವುದಿಲ್ಲ. ಬೀಜಕ್ಕೆ ಮೊದಲ ಕೆಲವು ದಿನಗಳ ಬುತ್ತಿಯನ್ನು ತಾಯಿ ಗಿಡವೇ ಕಟ್ಟಿ ಕಳಿಸಿರುತ್ತದೆ. ಹುರುಳಿಕಾಯಿ ಮೊಳೆತಾಗ ಮೇಲೆ ಬರುವ ಎರಡು ದಪ್ಪ ದಳಗಳಿವೆಯಲ್ಲ, ಅವೇ ಆ ಬುತ್ತಿ. ಮೊಳೆಯಲು ಬೀಜಕ್ಕೆ ಬೇಕಾದದ್ದು ತೇವ, ಗಾಳಿ, ಹದವಾದ ಬಿಸಿ. ಒದ್ದೆ ಬಟ್ಟೆ, ಹತ್ತಿ, ಮರಳು, ಕೋಕೋಪೀಟ್, ಯಾವುದಾದರೂ ನಡೆಯುತ್ತದೆ.

ಬುತ್ತಿ ಖಾಲಿಯಾಗುವುದು ಮೂರನೇ ನಾಲ್ಕನೇ ಎಲೆ ಬರುವ ಹೊತ್ತಿಗೆ. ಕೊತ್ತಂಬರಿ, ಟೊಮೆಟೊದಂಥ ಸಣ್ಣ ಬೀಜಗಳಲ್ಲಿ ಇನ್ನೂ ಬೇಗ. ಅಲ್ಲಿಂದ ಮುಂದೆ ಬೇರು ಸಾರಜನಕ, ರಂಜಕ, ಕ್ಯಾಲ್ಸಿಯಂ, ಕಬ್ಬಿಣ ಎಲ್ಲವನ್ನೂ ಹೊರಗಿನಿಂದ ಎಳೆದುಕೊಳ್ಳಬೇಕು. ಕೋಕೋಪೀಟ್‌ನಲ್ಲಿ ಪೊಟ್ಯಾಷಿಯಂ ಒಂದು ಧಾರಾಳವಾಗಿದೆ, ಉಳಿದವು ಹೆಸರಿಗಷ್ಟೇ. ಸಸಿ ಹಳೆಯ ಎಲೆಯಲ್ಲಿದ್ದ ಸಾರಜನಕವನ್ನು ಬಿಚ್ಚಿ ಹೊಸ ಎಲೆಗೆ ಸಾಗಿಸುತ್ತದೆ. ಕೆಳಗಿನ ಎಲೆ ಮೊದಲು ಹಳದಿಯಾಗುವುದು ಅದಕ್ಕೆ. ಎಂಟನೇ ದಿನದ ವಿಡಿಯೊದಲ್ಲಿ ಇದು ಕಾಣುವ ಹಾಗೇ ಇಲ್ಲ.

ಹಸಿ ಪುಡಿಯಾದರೆ ಇನ್ನೂ ಒಂದು ತೊಂದರೆ. ಅದರಲ್ಲಿ ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ ಸುಮಾರು ನೂರಕ್ಕೆ ಒಂದು. ಒಳ್ಳೆಯ ಕಾಂಪೋಸ್ಟ್‌ನಲ್ಲಿ ಅದು ಇಪ್ಪತ್ತರ ಆಸುಪಾಸು. ಇಂಗಾಲ ಅಷ್ಟು ಹೆಚ್ಚಿರುವ ವಸ್ತು ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿದರೆ ಅವು ಅದನ್ನು ತಿನ್ನಲು ಸುತ್ತಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತವೆ. ನೀವು ಹಾಕಿದ ಅಲ್ಪಸ್ವಲ್ಪ ಗೊಬ್ಬರದಲ್ಲೂ ಗಿಡಕ್ಕೆ ಪಾಲುದಾರರು ಹುಟ್ಟಿಕೊಂಡಂತೆ.

ಫಾರ್ವರ್ಡ್‌ಗಳ ಜೊತೆ ಬರುವ ಇನ್ನೊಂದು ಚಿತ್ರ ನೆದರ್ಲೆಂಡ್ಸ್‌ನ ಗಾಜಿನ ಮನೆಗಳದ್ದು. ಸಾಲು ಸಾಲು ಕೋಕೋಪೀಟ್ ಚೀಲ, ಆಳೆತ್ತರ ಟೊಮೆಟೊ ಬಳ್ಳಿ. ಚಿತ್ರ ಸುಳ್ಳಲ್ಲ. ಆದರೆ ಅಲ್ಲಿ ಪ್ರತಿ ಗಿಡದ ಬುಡಕ್ಕೆ ಹನಿಹನಿಯಾಗಿ ಹೋಗುತ್ತಿರುವುದು ಬರೀ ನೀರಲ್ಲ, ಅಳೆದು ಬೆರೆಸಿದ ಪೋಷಕಾಂಶದ ದ್ರಾವಣ. ಆ ಟ್ಯಾಂಕು ಫೋಟೊದ ಚೌಕಟ್ಟಿನ ಹೊರಗಿದೆ.

ಹಾಗಾದರೆ ನರ್ಸರಿಯವರು ಯಾಕೆ ಇದನ್ನೇ ಬಳಸುತ್ತಾರೆ?

ಕರ್ನಾಟಕದಲ್ಲಿ ಇವತ್ತು ಟೊಮೆಟೊ, ಮೆಣಸಿನಕಾಯಿ, ಎಲೆಕೋಸಿನ ಸಸಿ ಕೊಳ್ಳುವ ರೈತರು ಹೆಚ್ಚಾಗಿ ತರುವುದು ಪ್ರೋಟ್ರೇಯಲ್ಲಿ ಬೆಳೆದ ಸಸಿ, ಅದರೊಳಗೆ ಇರುವುದು ಕೋಕೋಪೀಟ್. ಕಾರಣ ಮೂರ್ನಾಲ್ಕು. ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ, ಆದರೂ ಕಣಗಳ ನಡುವೆ ಗಾಳಿಗೆ ಜಾಗ ಉಳಿಯುತ್ತದೆ. ಜೇಡಿಮಣ್ಣು ನೀರು ಹಿಡಿದರೆ ಗಾಳಿ ಬಿಡುವುದಿಲ್ಲ, ಮರಳು ಗಾಳಿ ಬಿಟ್ಟರೆ ನೀರು ನಿಲ್ಲಿಸುವುದಿಲ್ಲ. ಇದು ಎರಡನ್ನೂ ಮಾಡುತ್ತದೆ. ಹಗುರ, ಆದ್ದರಿಂದ ಟ್ರೇ ಹೊತ್ತು ಲಾರಿಗೆ ತುಂಬುವುದು ಸುಲಭ. ತಾರಸಿ ಮೇಲೆ ಮಣ್ಣಿನ ಭಾರ ಹೊರಿಸಲು ಹೆದರುವವರಿಗೂ ಅದೇ ಅನುಕೂಲ. ಸಸಿಯನ್ನು ಕಿತ್ತಾಗ ಬೇರು ಹರಿಯದೆ ಉಂಡೆಯಾಗಿ ಬರುತ್ತದೆ. ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಹೆಚ್ಚಿರುವುದರಿಂದ ಬೇಗ ಕೊಳೆತು ಕುಸಿಯುವುದೂ ಇಲ್ಲ.

ಆದರೆ ನರ್ಸರಿಯವರು ಮೊದಲ ಎಲೆಗಳು ಬಿಚ್ಚಿದ ಮೇಲೆ ಗೊಬ್ಬರದ ನೀರು ಕೊಡುತ್ತಾರೆ, ಮೂರ್ನಾಲ್ಕು ವಾರಕ್ಕೆ ಸಸಿಯನ್ನು ಹೊಲದ ಮಣ್ಣಿಗೆ ದಾಟಿಸುತ್ತಾರೆ. ಅವರ ಪಾಲಿಗೆ ಕೋಕೋಪೀಟ್ ತೊಟ್ಟಿಲು. ತೊಟ್ಟಿಲಲ್ಲೇ ಮಗುವನ್ನು ದೊಡ್ಡದು ಮಾಡಿ ಎಂದು ಅವರು ಹೇಳಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಸಿಗಳಿಗೆಂದೇ 'ಅರ್ಕಾ ಫರ್ಮೆಂಟೆಡ್ ಕೋಕೋಪೀಟ್' ಎಂಬುದನ್ನು ಹೊರತಂದಿದೆ. ಹಸಿ ಪುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಹದಗೊಳಿಸಿದ್ದು ಅದು. ಹಸಿ ಪುಡಿಯೇ ಸಾಕಾಗಿದ್ದರೆ ಇಷ್ಟೆಲ್ಲ ಶ್ರಮ ಬೇಕಿರಲಿಲ್ಲ.

ಉಪ್ಪಿನ ವಿಷಯ

ಎಲೆಯಂಚು ಸುಡುವುದಕ್ಕೆ ಕಾರಣ ಹಸಿವಲ್ಲ, ಉಪ್ಪು. ಇದನ್ನು ಫಾರ್ವರ್ಡ್‌ಗಳು ಹೇಳುವುದೇ ಅಪರೂಪ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ತೆಂಗು ಕಡಲಂಚಿನ ಮರ. ಪೊಟ್ಯಾಷಿಯಂ, ಸೋಡಿಯಂ, ಕ್ಲೋರೈಡ್ ಅದರ ಸಿಪ್ಪೆಯಲ್ಲಿ ಹುಟ್ಟಿನಿಂದಲೇ ಇರುತ್ತವೆ. ಮೇಲಿಂದ, ಕೇರಳದ ಹಿನ್ನೀರಿನ ಪ್ರದೇಶಗಳಲ್ಲಿ ಹಗ್ಗಕ್ಕೆ ಬೇಕಾದ ಬಿಳಿ ನಾರು ತೆಗೆಯಲು ಹಸಿ ಸಿಪ್ಪೆಯನ್ನು ತಿಂಗಳುಗಟ್ಟಲೆ ಸವಳು ನೀರಲ್ಲಿ ಕೊಳೆಹಾಕುವ ಪದ್ಧತಿ ಇದೆ. ಆ ಸಿಪ್ಪೆಯ ಪುಡಿ ಸಮುದ್ರದ ಉಪ್ಪನ್ನೂ ಕುಡಿದಿರುತ್ತದೆ. ತಿಪಟೂರು, ಅರಸೀಕೆರೆ ಕಡೆಯ ಒಣ ಸಿಪ್ಪೆಯನ್ನು ಯಂತ್ರಕ್ಕೆ ಕೊಟ್ಟು ಮಾಡಿದ ಪುಡಿಯಲ್ಲಿ ಸಮುದ್ರದ ಪಾಲು ಇರುವುದಿಲ್ಲ, ಆದರೆ ಸಿಪ್ಪೆಯದೇ ಆದ ಪೊಟ್ಯಾಷಿಯಂ, ಕ್ಲೋರೈಡ್ ಇದ್ದೇ ಇರುತ್ತವೆ. ಇಟ್ಟಿಗೆಯ ಬಣ್ಣ ನೋಡಿ ಯಾವ ನೀರಿನದು ಎಂದು ಹೇಳಲಾಗದು. ಕವರಿನ ಮೇಲೆ 'ತೊಳೆದದ್ದು' ಅಂತ ಬರೆದಿದ್ದರೂ ಒಮ್ಮೆ ನೀವೂ ತೊಳೆಯಿರಿ.

ಉಪ್ಪು ಹೆಚ್ಚಿದ್ದರೆ ಬೇರಿನ ಸುತ್ತ ನೀರಿದ್ದರೂ ಗಿಡಕ್ಕೆ ಅದನ್ನು ಎಳೆದುಕೊಳ್ಳಲಾಗದು. ಉಪ್ಪು ಹಚ್ಚಿದ ಸೌತೆಕಾಯಿ ನೀರು ಬಿಡುತ್ತದಲ್ಲ, ಅದೇ ತತ್ವ, ಸಣ್ಣ ಪ್ರಮಾಣದಲ್ಲಿ. ಹುರುಳಿಕಾಯಿ, ಸ್ಟ್ರಾಬೆರಿಯಂಥವು ಉಪ್ಪನ್ನು ಸ್ವಲ್ಪವೂ ಸಹಿಸವು. ಪಾಲಕ್, ಬೀಟ್‌ರೂಟ್ ಕೊಂಚ ಗಟ್ಟಿ. ಒಂದೇ ಇಟ್ಟಿಗೆಯಲ್ಲಿ ಪಾಲಕ್ ಬಂತು, ಹುರುಳಿಕಾಯಿ ಬರಲಿಲ್ಲ ಎಂದಾದರೆ ಮೊದಲ ಅನುಮಾನ ಉಪ್ಪಿನ ಮೇಲಿರಲಿ.

ಇನ್ನು ತೊಳೆದರೂ ಪೂರ್ತಿ ಹೋಗದ ಒಂದು ಪಾಲಿದೆ. ಕೋಕೋಪೀಟ್ ಕಣಗಳ ಮೈಮೇಲೆ ಋಣ ವಿದ್ಯುತ್ ಇರುವ ಅಸಂಖ್ಯ ಜಾಗಗಳಿವೆ. ಪೊಟ್ಯಾಷಿಯಂ, ಸೋಡಿಯಂ ಕಣಗಳು ಅಲ್ಲಿ ಕೂತುಬಿಟ್ಟಿರುತ್ತವೆ. ಬರೀ ನೀರಿಗೆ ಅವು ಏಳುವುದಿಲ್ಲ. ಮುಂದೆ ನೀವು ಗೊಬ್ಬರದ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಟ್ಟಾಗ ಕೋಕೋಪೀಟ್ ಅವನ್ನು ತಾನು ಹಿಡಿದುಕೊಂಡು, ಬದಲಿಗೆ ಪೊಟ್ಯಾಷಿಯಂ ಸೋಡಿಯಂಗಳನ್ನು ಬೇರಿನ ಕಡೆ ಬಿಡುತ್ತದೆ. ಬಸ್ಸಿನಲ್ಲಿ ಮೊದಲೇ ಸೀಟು ಹಿಡಿದವರು ಎದ್ದರೆ ತಾನೇ ಬೇರೆಯವರು ಕೂರುವುದು. ಫಲ ಏನೆಂದರೆ, ಕೊಟ್ಟ ಕ್ಯಾಲ್ಸಿಯಂ ಗಿಡಕ್ಕೆ ಮುಟ್ಟುವುದಿಲ್ಲ. ಹೊಸ ಎಲೆ ಮುದುಡುತ್ತದೆ, ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ಕೋಕೋಪೀಟ್‌ನಲ್ಲೇ ಬೆಳೆಯುವವರು ಅದಕ್ಕೇ ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ, ಆ ಸೀಟುಗಳನ್ನೆಲ್ಲ ಕ್ಯಾಲ್ಸಿಯಂನಿಂದ ತುಂಬಿಸಿ, ಆಮೇಲೆ ಗಿಡ ನೆಡುತ್ತಾರೆ.

ಮನೆಯಲ್ಲಿ ಹದ ಮಾಡುವುದು ಹೀಗೆ

5 ಕಿಲೋ ಇಟ್ಟಿಗೆಗೆ 25ರಿಂದ 30 ಲೀಟರ್ ನೀರು ಬೇಕು. ಉಬ್ಬಿ ಸುಮಾರು 70 ಲೀಟರಿನಷ್ಟಾಗುತ್ತದೆ, ಆದ್ದರಿಂದ ಬಕೆಟ್ ಸಾಲದು. ದೊಡ್ಡ ಟಬ್ ಇರಲಿ, ಅಥವಾ ಇಟ್ಟಿಗೆಯನ್ನು ಅರ್ಧ ಮಾಡಿಕೊಳ್ಳಿ. ನೀರು ಬೆಚ್ಚಗಿದ್ದರೆ ಬೇಗ ಬಿಚ್ಚಿಕೊಳ್ಳುತ್ತದೆ. ಒಣ ಇಟ್ಟಿಗೆಯನ್ನು ಸುತ್ತಿಗೆಯಿಂದ ಒಡೆಯಲು ಹೋಗಬೇಡಿ, ಎದ್ದ ಧೂಳು ಮೂಗು ಗಂಟಲು ಕೆರಳಿಸುತ್ತದೆ. ಉಬ್ಬಸ ಇರುವವರು ಇದರಿಂದ ದೂರವೇ ಇರಲಿ.

ರಾತ್ರಿಯಿಡೀ ನೆನೆದ ಮೇಲೆ ಹಳೆಯ ಕಾಟನ್ ಸೀರೆಗೋ ಸೊಳ್ಳೆ ಪರದೆಯ ಬಟ್ಟೆಗೋ ಸುರಿದು ಗಂಟು ಕಟ್ಟಿ ನೀರು ಬಸಿಯಿರಿ. ಮತ್ತೆ ಹೊಸ ನೀರು, ಮತ್ತೆ ಬಸಿಯುವುದು. ಎಷ್ಟು ಸಲ? ಮೂರು ಸಲ ಎಂದು ಹೇಳಿಬಿಡಬಹುದಿತ್ತು, ಆದರೆ ಅದು ಇಟ್ಟಿಗೆಯ ಮೇಲೆ ಹೋಗುತ್ತದೆ. ಕುಡಿಯುವ ನೀರಿನ ಟಿಡಿಎಸ್ ನೋಡುವ ಪೆನ್ ಈಗ ಎಷ್ಟೋ ಮನೆಗಳಲ್ಲಿದೆ. ಮೊದಲು ತೊಳೆಯಲು ಬಳಸುವ ನೀರಿನ ಟಿಡಿಎಸ್ ನೋಡಿ. ನಂತರ ಕೋಕೋಪೀಟ್ ಹಿಂಡಿ ಬಂದ ನೀರಿನದು ನೋಡಿ. ಮೊದಲದು 200, ಎರಡನೆಯದು 1500 ಬಂದರೆ ಇನ್ನೂ ಉಪ್ಪಿದೆ. ಎರಡರ ನಡುವಿನ ಅಂತರ 300ರ ಒಳಗೆ ಬಂದರೆ ಸಾಕು. ನರ್ಸರಿಯವರು ಇದನ್ನೇ ಇಸಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಪೆನ್‌ಗಳಲ್ಲಿ 500 ಟಿಡಿಎಸ್ ಎಂದರೆ ಸುಮಾರು 1 ಇಸಿ. ಸಸಿಗಳಿಗೆ ಅದಕ್ಕಿಂತ ಕಡಿಮೆಯೇ ಇರಲಿ.

ಯಾವ ನೀರಲ್ಲಿ ತೊಳೆಯುತ್ತೀರಿ ಎಂಬುದೂ ಮುಖ್ಯ. ಮಳೆ ನೀರು ಅತ್ಯುತ್ತಮ. ನದಿ ಮೂಲದ ನಲ್ಲಿ ನೀರೂ ಆಗುತ್ತದೆ. ಗಡಸಾದ ಬೋರ್‌ವೆಲ್ ನೀರಿನ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ಈ ಕೆಲಸಕ್ಕೆ ಅದು ಅಷ್ಟು ಕೆಟ್ಟದ್ದಲ್ಲ. ಗಡಸುತನ ಎಂದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ತಾನೇ? ಕೆಟ್ಟದ್ದು ಅಪಾರ್ಟ್‌ಮೆಂಟ್‌ಗಳ ಸಾಫ್ಟ್‌ನರ್ ನೀರು. ಸಾಫ್ಟ್‌ನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದರಲ್ಲಿ ತೊಳೆದರೆ ಉಪ್ಪು ತೆಗೆಯುವ ಬದಲು ತುಂಬಿದಂತಾಯಿತು. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರಿನಲ್ಲೂ ಉಪ್ಪು ಮಂದವಾಗಿರುತ್ತದೆ. ಅದು ನೆಲ ಒರೆಸಲು ಒಳ್ಳೆಯದು, ಇದಕ್ಕೆ ಬೇಡ.

ಕ್ಯಾಲ್ಸಿಯಂ ಹಂತ ಎಲ್ಲರಿಗೂ ಬೇಕಿಲ್ಲ. ಕೋಕೋಪೀಟನ್ನು ಮಣ್ಣು, ಕಾಂಪೋಸ್ಟ್ ಜೊತೆ ಬೆರೆಸುವವರು ತೊಳೆದರೆ ಸಾಕು. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದೆ. ಬರೀ ಕೋಕೋಪೀಟ್‌ನಲ್ಲೇ ಬೆಳೆಯುತ್ತೇನೆ ಎನ್ನುವವರು ಗೊಬ್ಬರದ ಅಂಗಡಿಯಲ್ಲಿ ಸಿಗುವ, ನೀರಲ್ಲಿ ಕರಗುವ ಕ್ಯಾಲ್ಸಿಯಂ ನೈಟ್ರೇಟ್ ತಂದು, 5 ಕಿಲೋ ಇಟ್ಟಿಗೆಗೆ ಸುಮಾರು 100 ಗ್ರಾಂ ಲೆಕ್ಕದಲ್ಲಿ 25 ಲೀಟರ್ ನೀರಿಗೆ ಕರಗಿಸಿ, ತೊಳೆದ ಕೋಕೋಪೀಟನ್ನು ಅದರಲ್ಲಿ ಒಂದು ದಿನ ನೆನೆಸಿ, ಬಸಿದು, ಇನ್ನೊಮ್ಮೆ ಸಾದಾ ನೀರಲ್ಲಿ ಜಾಲಿಸಿದರೆ ಮನೆಮಟ್ಟಿಗೆ ಸಾಕಾಗುತ್ತದೆ.

ಆ ಕಂದು ನೀರು ಟಾನಿಕ್ಕಾ?

"ಕೋಕೋಪೀಟ್ ತೊಳೆದ ಕಂದು ನೀರನ್ನು ಚೆಲ್ಲಬೇಡಿ, ಅದು ಗಿಡಗಳಿಗೆ ಟಾನಿಕ್" ಎನ್ನುವ ಸಲಹೆಯೂ ಓಡಾಡುತ್ತದೆ. ಆ ಬಣ್ಣ ಬಂದದ್ದು ಟ್ಯಾನಿನ್ ಮತ್ತು ಅದರ ಬಳಗದ ವಸ್ತುಗಳಿಂದ. ಟೀ ಡಿಕಾಕ್ಷನ್ ಕಂದಾಗುವುದೂ ಹಾಗೆಯೇ. ಜೊತೆಗೆ ನೀವು ಇಷ್ಟು ಕಷ್ಟಪಟ್ಟು ತೆಗೆದ ಉಪ್ಪೆಲ್ಲ ಅದರಲ್ಲೇ ಇದೆ. ತುಳಸಿಗೋ ಗುಲಾಬಿಗೋ ಅದನ್ನು ಹುಯ್ಯುವುದರಲ್ಲಿ ಅರ್ಥವಿಲ್ಲ.

ಒಂದು ಮರಕ್ಕೆ ಮಾತ್ರ ಧಾರಾಳವಾಗಿ ಹುಯ್ಯಬಹುದು, ತೆಂಗಿಗೆ. ಪೊಟ್ಯಾಷಿಯಂ ತೆಂಗು ಹೆಚ್ಚು ಬೇಡುವ ಪೋಷಕಾಂಶ. ಬೇರೆ ಗಿಡಗಳಿಗೆ ಬೇಡವಾದ ಕ್ಲೋರೈಡ್ ಕೂಡ ತೆಂಗಿಗೆ ಬೇಕು. ಹಳ್ಳಿಗಳಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿಯನ್ನು ಮೂಢನಂಬಿಕೆ ಎಂದು ನಗುವವರು ಇದನ್ನು ಗಮನಿಸಬೇಕು. ತೋಟದಲ್ಲಿ ಗುಂಡಿ ತೋಡಿ ಸಿಪ್ಪೆಯನ್ನು ಹೂಳುವ ಪದ್ಧತಿಯೂ ಇದೆ. ತೇವ ಉಳಿಯುತ್ತದೆ, ಸಿಪ್ಪೆಯ ಪೊಟ್ಯಾಷಿಯಂ ಮರಕ್ಕೇ ವಾಪಸ್ ಸಿಗುತ್ತದೆ. ತೆಂಗಿನ ಮರ ಇಲ್ಲದವರು ಮೊದಲೆರಡು ಸಲದ ನೀರನ್ನು ಚರಂಡಿಗೆ ಬಿಡಿ.

ಊಟದ ಏರ್ಪಾಡು

ತಾರಸಿ ತೋಟದವರಿಗೆ ಸುಲಭದ ದಾರಿ ಮಿಶ್ರಣ. ಕೆಂಪು ಮಣ್ಣು, ತೊಳೆದ ಕೋಕೋಪೀಟ್, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಮಸಮ. ಕುಂಡಕ್ಕೆ ಒಂದೆರಡು ಹಿಡಿ ಬೇವಿನ ಹಿಂಡಿ. ತೂಕದ ಚಿಂತೆ ಇದ್ದರೆ ಮಣ್ಣು ಕಡಿಮೆ ಮಾಡಿ, ಗೊಬ್ಬರ ಕಡಿಮೆ ಮಾಡಬೇಡಿ. ತಿಂಗಳಿಗೊಮ್ಮೆ ಮೇಲಿಂದ ಒಂದು ಹಿಡಿ ಎರೆಗೊಬ್ಬರ ಬೀಳುತ್ತಿರಲಿ. ಸಸಿ ಮಾಡಲು ಮೂರು ಪಾಲು ಕೋಕೋಪೀಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿದರೆ ಸಸಿ ನಾಲ್ಕು ವಾರ ಹಸಿದುಕೊಳ್ಳುವುದಿಲ್ಲ.

ಬರೀ ಕೋಕೋಪೀಟ್ ಆದರೆ ದ್ರಾವಣ ಬಿಟ್ಟು ಬೇರೆ ದಾರಿಯಿಲ್ಲ. ಅಂಗಡಿಯಲ್ಲಿ 19:19:19 ಎಂದು ಕೇಳಿದರೆ ಕೊಡುತ್ತಾರೆ. ಲೀಟರಿಗೆ ಒಂದು ಗ್ರಾಂನಿಂದ ಶುರು ಮಾಡಬಹುದು. ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ, ಹಾಗಾಗಿ ಒಂದು ಸಲ ಅದು, ಇನ್ನೊಂದು ಸಲ ಕ್ಯಾಲ್ಸಿಯಂ ನೈಟ್ರೇಟ್. ಎರಡನ್ನೂ ಒಂದೇ ಡಬ್ಬಿಯಲ್ಲಿ ಮಂದವಾಗಿ ಕಲಸಿದರೆ ರಂಜಕವೂ ಕ್ಯಾಲ್ಸಿಯಂ ಕೂಡಿ ಸುಣ್ಣದಂತೆ ತಳಕ್ಕೆ ಕೂರುತ್ತದೆ, ಗಿಡಕ್ಕೆ ಏನೂ ಸಿಗದು. ಕಬ್ಬಿಣ, ಸತು, ಬೋರಾನ್‌ನಂಥ ಸೂಕ್ಷ್ಮ ಪೋಷಕಾಂಶಗಳ ಮಿಶ್ರಣವೂ ಆಗಾಗ ಬೇಕು. ಇದೆಲ್ಲ ರಗಳೆ ಅನ್ನಿಸಿದರೆ ಮಣ್ಣಿನ ಮಿಶ್ರಣಕ್ಕೆ ಮರಳುವುದೇ ಜಾಣತನ.

ಎಲೆ ಹಳದಿಯಾದಾಗ ಗ್ರೂಪಿನಲ್ಲಿ ಫೋಟೊ ಹಾಕಿದರೆ ಬರುವ ಮನೆಮದ್ದುಗಳು ಸಾಮಾನ್ಯವಾಗಿ ಮೂರು: ಒಲೆಯ ಬೂದಿ, ಮೊಟ್ಟೆ ಸಿಪ್ಪೆ, ಎಪ್ಸಮ್ ಸಾಲ್ಟ್. ಬೂದಿಯಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಷಿಯಂ ಮತ್ತು ಸುಣ್ಣ. ಕೋಕೋಪೀಟ್‌ನಲ್ಲಿ ಪೊಟ್ಯಾಷಿಯಂ ಮೊದಲೇ ಮಿತಿಮೀರಿದೆ. ಬೂದಿ ಹಾಕುವುದು ಹೊಟ್ಟೆ ತುಂಬಿದವನಿಗೆ ಬಡಿಸಿದಂತೆ, ಮತ್ತು ಅದು ಕ್ಷಾರವನ್ನೂ ಹೆಚ್ಚಿಸುತ್ತದೆ. ಮೊಟ್ಟೆ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಕರಗಲು ಬಹಳ ಕಾಲ ಬೇಕು. ಈ ಬೆಳೆಯ ಟೊಮೆಟೊಗೆ ಅದು ಒದಗುವುದಿಲ್ಲ. ಎಪ್ಸಮ್ ಸಾಲ್ಟ್ ಎಂದರೆ ಮೆಗ್ನೀಸಿಯಂ ಸಲ್ಫೇಟ್. ಹಳೆಯ ಎಲೆಯ ನರಗಳು ಹಸಿರಾಗೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಕೆಲಸ ಮಾಡೀತು. ಎಲೆ ಪೂರ್ತಿ ಒಂದೇ ಸಮನೆ ಹಳದಿಯಾಗಿದ್ದರೆ ಗಿಡ ಕೇಳುತ್ತಿರುವುದು ಸಾರಜನಕ.

ಮೇಲೆ ಒಣಗಿದೆ, ನೀರು ಹಾಕಲೇ?

ಕೋಕೋಪೀಟ್‌ನ ಮೇಲ್ಪದರ ಬೇಗ ಒಣಗಿ ತಿಳಿಯಾಗುತ್ತದೆ. ಎರಡಂಗುಲ ಕೆಳಗೆ ಇನ್ನೂ ಒದ್ದೆ ಇರುತ್ತದೆ. ಮೇಲಿನ ಬಣ್ಣ ನೋಡಿ ದಿನಾ ನೀರು ಹಾಕಿದರೆ ಬೇರು ಕೊಳೆಯುತ್ತದೆ, ಕೊಳೆತ ಬೇರಿನ ಗಿಡ ಬಾಡುತ್ತದೆ, ಬಾಡಿದ್ದನ್ನು ನೋಡಿ ಮತ್ತೆ ನೀರು! ಬೆರಳು ಒಳಗಿಳಿಸಿ ನೋಡಿ, ಅಥವಾ ಕುಂಡ ಎತ್ತಿ ನೋಡಿ. ಒಂದು ವಾರ ಎತ್ತಿ ನೋಡಿದರೆ ಒದ್ದೆ ಕುಂಡದ ಭಾರ ಯಾವುದು, ಒಣ ಕುಂಡದ್ದು ಯಾವುದು ಎಂದು ಕೈಗೇ ತಿಳಿಯುತ್ತದೆ. ನೀರು ಕೊಡುವಾಗ ಮಾತ್ರ ತಳದ ತೂತಿನಿಂದ ಸ್ವಲ್ಪ ಹೊರಬರುವಷ್ಟು ಕೊಡಿ, ಉಳಿದ ಉಪ್ಪು ಅದರ ಜೊತೆ ಇಳಿದು ಹೋಗುತ್ತದೆ. ತಟ್ಟೆಯಲ್ಲಿ ನಿಂತ ಆ ನೀರನ್ನು ಚೆಲ್ಲಿಬಿಡಿ. ಉಪ್ಪು ವಾಪಸ್ ಏರುತ್ತದೆ, ಸೊಳ್ಳೆಯೂ ಮೊಟ್ಟೆ ಇಡುತ್ತದೆ.

ಅಡುಗೆಮನೆಯ ಸಿಪ್ಪೆಯಿಂದ ಮಾಡಬಹುದೇ?

ಮಾಡಬಹುದು. ಆದರೆ "ಸಿಪ್ಪೆಯನ್ನು ಮಿಕ್ಸಿಗೆ ಹಾಕಿ ಒಂದು ನಿಮಿಷ ತಿರುಗಿಸಿ" ಎಂಬ ವಿಡಿಯೊ ಮಾತ್ರ ನಂಬಬೇಡಿ. ಉದ್ದ ನಾರು ಬ್ಲೇಡಿಗೆ ಸುತ್ತಿಕೊಂಡರೆ ಮೋಟಾರು ಸುಟ್ಟೀತು. ಒಣ ಸಿಪ್ಪೆಯನ್ನು ಕೆಲವು ದಿನ ನೀರಲ್ಲಿ ಮುಳುಗಿಸಿಟ್ಟು, ದಿನ ಬಿಟ್ಟು ದಿನ ನೀರು ಬದಲಿಸಿ, ಮೆತ್ತಗಾದ ಮೇಲೆ ಮರದ ಕೊಡತಿಯಿಂದ ಬಡಿದು, ನಾರನ್ನು ಕೈಯಿಂದ ಬಿಡಿಸಿ ಕೊಡವಿದರೆ ಪುಡಿ ಉದುರುತ್ತದೆ. ನಾಲ್ಕೈದು ಕಾಯಿಯ ಸಿಪ್ಪೆ ಬಡಿದರೂ ಒಂದು ಸಣ್ಣ ಕುಂಡ ತುಂಬುವುದು ಕಷ್ಟ. ಅಷ್ಟು ದುಡಿಮೆಗಿಂತ ಸಿಪ್ಪೆಯನ್ನು ಅಂಗುಲದ ತುಂಡುಗಳಾಗಿ ಕತ್ತರಿಸಿ, ನೆನೆಸಿ ತೊಳೆದು, ಆರ್ಕಿಡ್, ಆಂಥೂರಿಯಂ ಗಿಡಗಳಿಗೆ ಬಳಸುವುದು ಮೇಲು. ಗಾಳಿಯಾಡುವ ಬೇರು ಬಯಸುವ ಆ ಗಿಡಗಳಿಗೆ ಪುಡಿಗಿಂತ ತುಂಡೇ ಸರಿ.

ಎಳನೀರಿನ ಹಸಿ ಬುರುಡೆ ಬೇರೆಯೇ ಜಾತಿ. ಅದರ ನಾರು ಬಲಿತಿರುವುದಿಲ್ಲ, ನೀರಿನಂಶ ಹೆಚ್ಚು, ನೇರವಾಗಿ ಕುಂಡಕ್ಕೆ ಹಾಕಿದರೆ ಕೊಳೆತು ನಾರುತ್ತದೆ. ಕೊಚ್ಚಿ ಕಾಂಪೋಸ್ಟ್ ರಾಶಿಗೆ ಸೇರಿಸಿ ಮರೆತುಬಿಡಿ.

ಪುಡಿ ರಾಶಿಗಟ್ಟಲೆ ಸಿಗುವ ತೆಂಗಿನ ಸೀಮೆಯ ರೈತರಿಗೆ ಅದನ್ನು ನಿಜವಾದ ಗೊಬ್ಬರವಾಗಿಸುವ ವಿಧಾನ ಒಂದಿದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮತ್ತು ಕಾಯರ್ ಬೋರ್ಡ್ ಪ್ರಚಾರ ಮಾಡಿದ ಈ ಕ್ರಮದಲ್ಲಿ ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಆಯ್ಸ್ಟರ್ ಅಣಬೆಯ ಬಳಗದ ಶಿಲೀಂಧ್ರದ ಬೀಜವನ್ನು ಪದರ ಪದರವಾಗಿ ಹಾಕಿ, ನೆರಳಲ್ಲಿ ತೇವವಾಗಿ ಇಡುತ್ತಾರೆ. ಗಟ್ಟಿ ಲಿಗ್ನಿನ್ ಮುರಿಯುವುದು ಆ ಶಿಲೀಂಧ್ರಕ್ಕೆ ಗೊತ್ತು. ಒಂದೆರಡು ತಿಂಗಳಲ್ಲಿ ರಾಶಿ ಕಪ್ಪಾಗಿ ತಗ್ಗುತ್ತದೆ, ಇಂಗಾಲದ ಅನುಪಾತ ಕಾಂಪೋಸ್ಟ್ ಮಟ್ಟಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲೇ ಕಾಯರ್ ಬೋರ್ಡಿನ ಕೇಂದ್ರೀಯ ಕಾಯರ್ ತಂತ್ರಜ್ಞಾನ ಸಂಸ್ಥೆ ಇದೆ, ಬೇಕಾದವರು ವಿಚಾರಿಸಬಹುದು.

ಬೂಸ್ಟು ಬಂದರೆ? ಹಳೆಯದಾದರೆ?

"ನೂರಕ್ಕೆ ನೂರು ಕ್ರಿಮಿರಹಿತ" ಎಂದು ಕೆಲವು ಜಾಹೀರಾತು ಹೇಳುತ್ತವೆ. ಬಯಲಲ್ಲಿ ಹರಡಿ ಒಣಗಿಸಿದ ವಸ್ತುವಿಗೆ ಆ ಮಾತು ಒಪ್ಪುವುದಿಲ್ಲ. ಕಳೆ ಬೀಜ, ಶಿಲೀಂಧ್ರದ ಕಣ ಸೇರಿಕೊಳ್ಳಬಹುದು. ಮೇಲೆ ಬಿಳಿ ಬೂಸ್ಟು ಕಂಡರೆ ಗಾಬರಿ ಬೇಡ. ಅದು ಸಾಮಾನ್ಯವಾಗಿ ಸತ್ತ ಪದಾರ್ಥ ತಿನ್ನುವ ಶಿಲೀಂಧ್ರ, ಗಿಡವನ್ನು ಮುಟ್ಟುವುದಿಲ್ಲ. ಮೇಲ್ಪದರ ಕೆದಕಿ, ಎರಡು ದಿನ ನೀರು ಕಡಿಮೆ ಮಾಡಿದರೆ ಹೋಗುತ್ತದೆ. ಕುಂಡದಲ್ಲಿ ಹಳದಿ ಪುಟ್ಟ ಕೊಡೆಯಂಥ ಅಣಬೆ ಎದ್ದರೆ ಚೆಂದಕ್ಕೆ ನೋಡಬಹುದು, ತಿನ್ನಬಾರದು, ಮಕ್ಕಳ ಕೈಗೂ ಸಿಗಬಾರದು.

ಪೂರ್ತಿ ಒಣಗಿದ ಕೋಕೋಪೀಟ್ ಚೀಲವನ್ನು ದೇವರ ದೀಪದ ಹತ್ತಿರವೋ ಯಾರಾದರೂ ಬೀಡಿ ಎಸೆಯುವ ಜಾಗದಲ್ಲೋ ಇಡಬೇಡಿ. ಅದು ಭಗ್ಗೆಂದು ಉರಿಯದೆ ಒಳಗೊಳಗೇ ಬೂದಿ ಮುಚ್ಚಿದ ಕೆಂಡದ ಹಾಗೆ ಸುಡುತ್ತದೆ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ.

ಒಂದು ಬೆಳೆ ಮುಗಿದ ಮೇಲೆ ಕೋಕೋಪೀಟ್ ಎಸೆಯಬೇಕಿಲ್ಲ. ಹಳೆ ಬೇರು ಆರಿಸಿ, ಮತ್ತೆ ಒಮ್ಮೆ ತೊಳೆದು, ಬಿಸಿಲಲ್ಲಿ ಒಣಗಿಸಿ ಇನ್ನೂ ಎರಡು ಮೂರು ಬೆಳೆಗೆ ಬಳಸಬಹುದು. ರೋಗ ಬಂದು ಸತ್ತ ಗಿಡದ್ದಾದರೆ ಬೇಡ. ಮೂರ್ನಾಲ್ಕು ಬೆಳೆಯ ನಂತರ ಅದು ಸಣ್ಣಗೆ ಪುಡಿಯಾಗಿ ನೀರು ಬಸಿಯುವುದು ನಿಧಾನವಾಗುತ್ತದೆ. ಆಗ ಅದನ್ನು ಮಲ್ಲಿಗೆ, ದಾಸವಾಳದ ಬುಡಕ್ಕೆ ಎರಡಂಗುಲ ಹರಡಿ ಮೇಲೊಂದಿಷ್ಟು ಒಣ ಎಲೆ ಹಾಕಿದರೆ ಬೇಸಿಗೆಯಲ್ಲಿ ಮಣ್ಣಿನ ತೇವ ಆರದಂತೆ ಕಾಯುತ್ತದೆ.